ದೊಡ್ಡಮ್ಮನ ಮನೆಯ ಕಿಟಕಿ ಮರ, ಕೈ ಮೈಟರ್ ಗರಗಸ, ಮೂರು ಮಳೆಗಾಲ

ಫ್ರೇಮಿನ ಮೂಲೆಗಳು ಕೂಡುವಂತೆ ಪಟ್ಟಿಯ ತುದಿಯನ್ನು ಓರೆಯಾಗಿ ಕತ್ತರಿಸುವ ಈ ಕೈ ಮೈಟರ್ ಗರಗಸ ತಗೊಂಡು ಮೂರು ಮಳೆಗಾಲ ಕಳೆದಿದೆ. ಕಬ್ಬಿಣದ ಪೀಠ, ಅದರ ಮೇಲೆ ಬೇಕಾದ ಕೋನಕ್ಕೆ ತಿರುಗಿಸಿ ನಿಲ್ಲಿಸುವ ತೆಳು ಬ್ಲೇಡು, ಉದ್ದ 550 ಮಿ.ಮೀ. ಕರೆಂಟು ಬೇಡ, ಕೈಯಲ್ಲೇ ಎಳೆಯಬೇಕು. ಆಗ 2,600 ರೂಪಾಯಿ ಕೊಟ್ಟಿದ್ದೆ. ಇದುವರೆಗೆ 19 ಫೋಟೋ ಫ್ರೇಮು, 4 ಕನ್ನಡಿ ಫ್ರೇಮು ಮಾಡಿದ್ದೇನೆ. ಎಲ್ಲವೂ ಹಳೇ ಮರದ್ದು.

ಮರ ಬಂದದ್ದು ಕೊಡಗಿನ ಮಕ್ಕಂದೂರು ಕಡೆಯಿಂದ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ದೊಡ್ಡಮ್ಮನ ಮನೆ ಅರ್ಧ ಹೋಯಿತು. ಉಳಿದರ್ಧವನ್ನು ಬಿಚ್ಚಿಸಿದಾಗ ಬಾಗಿಲಿನ ದಾರಂದ (ಚೌಕಟ್ಟು), ಕಿಟಕಿ, ಮಾಡಿನ ಪಕಾಸಿ, ರೀಪು ಎಲ್ಲ ಮಡಿಕೇರಿಯ ನಮ್ಮ ಶೆಡ್ಡಿಗೆ ಬಂತು. ಹೆಚ್ಚಿನದು ಹಲಸು, ಸ್ವಲ್ಪ ತೇಗ. ವರ್ಷಗಟ್ಟಲೆ ಹಾಗೇ ಬಿದ್ದಿತ್ತು. ಸೌದೆಗೆ ಹಾಕಲು ಯಾರಿಗೂ ಮನಸ್ಸು ಬರಲಿಲ್ಲ. ಆ ಮನೆಯ ಫೋಟೋಗಳಿಗೆ ಆ ಮನೆಯದೇ ಮರದ ಚೌಕಟ್ಟು ಇರಲಿ ಅಂತ ಶುರು ಮಾಡಿದ್ದು.

ಕರೆಂಟಿನ ಮೈಟರ್ ಮೆಷಿನ್ ಯಾಕೆ ತಗೊಳ್ಳಲಿಲ್ಲ ಅಂತ ಕೇಳುವವರಿದ್ದಾರೆ. ಜೂನ್, ಜುಲೈಯಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಎರಡು ಮೂರು ದಿನ ಬರದಿರುವುದೂ ಇದೆ. ಹೊರಗೆ ಕೆಲಸವಿಲ್ಲದೆ ಕೈಗೆ ಬಿಡುವು ಸಿಗುವುದೂ ಅದೇ ತಿಂಗಳಲ್ಲಿ. ಇನ್ನೊಂದು ದೊಡ್ಡ ಕಾರಣ, ಹಳೇ ಮರದೊಳಗಿನ ಮೊಳೆ. ಜೋರಾಗಿ ತಿರುಗುವ ಬ್ಲೇಡಿಗೆ ಮೊಳೆ ಸಿಕ್ಕರೆ ಅಪಾಯ. ಕೈಗರಗಸದಲ್ಲಾದರೆ ಕಬ್ಬಿಣ ತಾಗಿದ್ದು ತಕ್ಷಣ ಕೈಗೇ ಗೊತ್ತಾಗುತ್ತದೆ. ಹಾಗಿದ್ದೂ ಮೊದಲ ವರ್ಷ ಒಂದು ಬ್ಲೇಡಿನ ಹಲ್ಲು ಹೋಯಿತು. ತಲೆ ಮುರಿದು ಒಳಗೇ ಉಳಿದ ಮೊಳೆ ಕಣ್ಣಿಗೆ ಕಾಣಿಸುವುದಿಲ್ಲ. ಈಗ ಹಳೇ ಸ್ಪೀಕರಿನ ಆಯಸ್ಕಾಂತವನ್ನು ಪ್ರತಿ ಪಟ್ಟಿಯ ಮೇಲೂ ಸವರಿ ನೋಡಿಯೇ ಕತ್ತರಿಸುವುದು. ದಪ್ಪ ದಾರಂದವನ್ನು ಪಟ್ಟಿ ಸೀಳಿಸಲು ಸಾಮಿಲ್‌ಗೆ ಒಯ್ಯುವ ಮುಂಚೆಯೂ ಇದೇ ಕೆಲಸ. ಮೊಳೆ ಇರುವ ಮರವನ್ನು ಅವರು ಮುಟ್ಟುವುದಿಲ್ಲ, ಅದು ಸರಿಯೇ.

ಗರಗಸದಲ್ಲಿ ನನಗೆ ಸಿಕ್ಕ ಮುಖ್ಯ ದೋಷ ಹೇಳುತ್ತೇನೆ. 90, 45, 36, 30, 22.5 ಡಿಗ್ರಿಗೆ ಬ್ಲೇಡು ತಾನಾಗಿ ನಿಲ್ಲುವ ಕಚ್ಚುಗಳಿವೆ. ನಾಲ್ಕು ಮೂಲೆಗೆ 45, ಆರು ಮೂಲೆಗೆ 30, ಎಂಟಕ್ಕೆ 22.5. ನನ್ನದರಲ್ಲಿ 45 ಅಂತ ಬರೆದಿದ್ದ ಜಾಗ ನಿಜಕ್ಕೂ ಅರ್ಧ ಡಿಗ್ರಿ ಆಚೆ ಇತ್ತು. ಅರ್ಧ ಡಿಗ್ರಿ ಏನು ಮಹಾ ಅನಿಸುತ್ತೆ, ಅಲ್ವಾ? ಆದರೆ ಒಂದು ಫ್ರೇಮಿಗೆ ಎಂಟು ಕಡೆ ಕತ್ತರಿಸಬೇಕು. ಎಂಟು ಅರ್ಧ ಸೇರಿ ನಾಲ್ಕು ಡಿಗ್ರಿ. ಮೂರು ಮೂಲೆ ಚೆನ್ನಾಗಿ ಕೂತು, ನಾಲ್ಕನೆಯದು ಬಾಯಿ ಬಿಟ್ಟುಕೊಂಡಿತು. ಮಾರಿದವರಿಗೆ ಎರಡು ಸಲ ಬರೆದೆ, ಉತ್ತರವೇ ಇಲ್ಲ. ಕೊನೆಗೆ ಅಡಿಯ ಸ್ಕ್ರೂ ಸಡಿಲಿಸಿ, ಮೂಲೆಮಟ್ಟ ಇಟ್ಟು ನಾನೇ ಸರಿ ಮಾಡಿದೆ. ಆಮೇಲೆ ಅದು ಅಲ್ಲಾಡಿಲ್ಲ. ಹೊಸದಾಗಿ ತಗೊಳ್ಳುವವರು ಮೊದಲ ದಿನವೇ ಬೇಡದ ನಾಲ್ಕು ರೀಪು ತುಂಡು ಕತ್ತರಿಸಿ, ಜೋಡಿಸಿ ನೋಡಿ. ಎದುರುಬದುರು ಪಟ್ಟಿಗಳ ಉದ್ದ ಒಂದೇ ಇರಬೇಕು, ಮೂಲೆಯಿಂದ ಮೂಲೆಗೆ ಅಳೆದರೆ ಎರಡೂ ಅಳತೆ ಒಂದೇ ಬರಬೇಕು.

ಕೋನ ಸರಿಯಾದ ಮೇಲೆ ಮಾಡಿದ ಮೊದಲ ಫ್ರೇಮೂ ಕೆಟ್ಟಿತು. ಅದರ ತಪ್ಪು ಗರಗಸದ್ದಲ್ಲ. ಮಾರ್ಚ್‌ನಲ್ಲಿ ಮಾಡಿದ್ದೆ. ಜುಲೈ ಹೊತ್ತಿಗೆ ನಾಲ್ಕೂ ಮೂಲೆಗಳ ಹೊರಬದಿ ಬಿರುಕು ಬಿಟ್ಟಿತ್ತು. ಪಕ್ಕದ ಬೀದಿಯ ಆಚಾರ್ರನ್ನು ಕರೆದು ತೋರಿಸಿದೆ. "ಮರ ಉದ್ದಕ್ಕೆ ಉಬ್ಬಲ್ಲಮ್ಮ, ಅಗಲಕ್ಕೆ ಉಬ್ಬುತ್ತೆ. ಬೇಸಿಗೇಲಿ ಒಣಗಿದ್ದನ್ನ ಕತ್ತರಿಸಿದ್ದೀರಿ, ಮಳೇಲಿ ಊದಿಕೊಂಡಿದೆ" ಅಂದರು. ಅಗಲ ಹೆಚ್ಚಾದಾಗ ಒಳಮೂಲೆಗಳು ಮೊದಲು ಒತ್ತಿಕೊಳ್ಳುತ್ತವೆ, ಹೊರಮೂಲೆ ತೆರೆದುಕೊಳ್ಳುತ್ತದೆ. ಒಣಗಿ ಕುಗ್ಗಿದರೆ ಇದರ ಉಲ್ಟಾ, ಒಳಗಡೆ ಸಂದು. ಪಟ್ಟಿ ಅಗಲವಾದಷ್ಟೂ ಸಂದು ಜಾಸ್ತಿ. ಅದಕ್ಕೇ ಈಗ ಪಟ್ಟಿಯನ್ನು ಎರಡು ಇಂಚಿಗಿಂತ ಅಗಲ ಇಡುವುದಿಲ್ಲ. ಮರವನ್ನು ಮೂರು ವಾರ ಮನೆಯೊಳಗಿಟ್ಟು, ನವೆಂಬರ್, ಡಿಸೆಂಬರ್‌ನಲ್ಲಿ ಮೂಲೆ ಕತ್ತರಿಸುತ್ತೇನೆ. ಅರೇಬಿಕಾ ಕೊಯ್ಲಿನ ಗಡಿಬಿಡಿಯೂ ಆಗಲೇ ಇರುತ್ತದೆ, ಆದರೂ ಬಿಡುವುದಿಲ್ಲ. ಮಳೆಗಾಲಕ್ಕೆ ಉಳಿಸಿಕೊಳ್ಳುವುದು ಮೊಳೆ ಕೀಳುವುದು, ಪಟ್ಟಿ ಅಳೆದು ಒರಟು ಅಳತೆಗೆ ತುಂಡು ಮಾಡುವುದು, ಉಪ್ಪು ಕಾಗದದ ಕೆಲಸ.

ಅಂಟಿನ ವಿಷಯವೂ ಇದೇ. ಮರದ ತುದಿ ಅಂಟನ್ನು ಕುಡಿದುಬಿಡುತ್ತದೆ. ಮೊದಲು ತೆಳ್ಳಗೆ ಒಂದು ಕೈ ಬಳಿದು, ಐದು ನಿಮಿಷ ಬಿಟ್ಟು ಮತ್ತೆ ಹಚ್ಚಿದರೆ ಮೂಲೆ ಗಟ್ಟಿ. ನೀರು ತಡೆಯುವ ಅಂಟೇ ಬೇಕು, ನಮ್ಮ ಥಂಡಿಗೆ ಸಾದಾ ಬಿಳಿ ಅಂಟು ಸಾಲದು. ಬಿಗಿಯಲು, ಫ್ರೇಮಿನ ಸುತ್ತ ಪಟ್ಟಿ ಸುತ್ತಿ ಎಳೆಯುವ ಬೆಲ್ಟ್ ಕ್ಲಾಂಪ್ ಒಂದಿದ್ದರೆ ಸಾಕು. ಗಾಜು ಕೂರುವ ಮೆಟ್ಟಿಲು ತೋಡಲು ನನ್ನ ಹತ್ತಿರ ಮೆಷಿನ್ ಇಲ್ಲ. ಮೂಲೆ ಕತ್ತರಿಸುವ ಮೊದಲೇ, ಪಟ್ಟಿಯ ಹಿಂದೆ ಹೊರ ಅಂಚಿಗೆ ಸರಿಯಾಗಿ ಅಗಲ ಕಡಿಮೆಯ ಇನ್ನೊಂದು ಪಟ್ಟಿ ಅಂಟಿಸಿದರೆ ಮೆಟ್ಟಿಲು ತಾನಾಗಿಯೇ ಬರುತ್ತದೆ.

ಹಳೇ ಪೇಂಟು ಇರುವ ಕಿಟಕಿಯನ್ನು ಒಣಗಿದ್ದಾಗ ಉಜ್ಜಬೇಡಿ, ದಯವಿಟ್ಟು. ಆ ಪುಡಿಯಲ್ಲಿ ವಿಷದ ಸೀಸ ಇರಬಹುದು. ನಮ್ಮ ದೇಶದಲ್ಲಿ ಮನೆಯ ಪೇಂಟಿನಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮಿತಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ದೊಡ್ಡಮ್ಮನ ಮನೆಯ ಹಸಿರು ಪೇಂಟು ಅದಕ್ಕಿಂತ ಎಷ್ಟೋ ಹಳೆಯದು. ಮಕ್ಕಳನ್ನು ದೂರ ಕಳಿಸಿ, ಮಾಸ್ಕ್ ಹಾಕಿ, ಒದ್ದೆ ಮಾಡಿ ಕೆರೆದೆ.

ಕನ್ನಡಿ ಬೇರೆಯದೇ ಲೆಕ್ಕ. 4 ಮಿ.ಮೀ. ಗಾಜು ಚದರ ಮೀಟರಿಗೆ 10 ಕೆ.ಜಿ. ತೂಗುತ್ತದೆ. ಎರಡಡಿ ಮೂರಡಿ ಕನ್ನಡಿಯೇ ಐದೂವರೆ ಕೆ.ಜಿ. ದಾಟುತ್ತದೆ, ಮರದ ತೂಕ ಬೇರೆ. ಬರೀ ಅಂಟನ್ನು ನಂಬದೆ ಮೂಲೆಗಳಿಗೆ ಅಡ್ಡಲಾಗಿ ತೆಳು ಮರದ ಬಿಲ್ಲೆ ಕೂರಿಸುತ್ತೇನೆ. ಮೆಟ್ಟಿಲಿನ ಒಳಬದಿಗೆ ಕಪ್ಪು ಬಣ್ಣ ಬಳಿಯಿರಿ. ಇಲ್ಲದಿದ್ದರೆ ಬಣ್ಣವಿಲ್ಲದ ಮರ ಕನ್ನಡಿಯ ಅಂಚಿನಲ್ಲಿ ಕಾಣುತ್ತಲೇ ಇರುತ್ತದೆ. ವಿನೆಗರ್ ವಾಸನೆಯ ಸಿಲಿಕಾನ್ ಅಂಟು ಬೇಡ, ಕನ್ನಡಿಯ ಹಿಂದಿನ ರಸವನ್ನು ತಿನ್ನುತ್ತದೆ. ನಮ್ಮ ಗೋಡೆ ಮಳೆಗಾಲದಲ್ಲಿ ಬೆವರುತ್ತದೆ, ಹಾಗಾಗಿ ಹಿಂದಿನ ನಾಲ್ಕೂ ಮೂಲೆಗೆ ರಬ್ಬರ್ ಬಿಲ್ಲೆ ಅಂಟಿಸಿ ಗಾಳಿಯಾಡುವಷ್ಟು ಜಾಗ ಬಿಡುತ್ತೇನೆ. ಹಾಗೆ ಬಿಡದ ನನ್ನ ಮೊದಲ ಕನ್ನಡಿಯ ಅಂಚು ಒಂದೇ ಮಳೆಗಾಲಕ್ಕೆ ಕಪ್ಪಾಯಿತು. ಉಳಿದ ಮೂರು ಚೆನ್ನಾಗಿವೆ.

ಗರಗಸದ ಕಬ್ಬಿಣಕ್ಕೆ ತುಕ್ಕು ಬೇಗ ಬರುತ್ತದೆ. ಕೆಲಸ ಮುಗಿದ ಮೇಲೆ ಹೊಲಿಗೆ ಮೆಷಿನ್ ಎಣ್ಣೆಯ ಬಟ್ಟೆಯಲ್ಲಿ ಒರೆಸಿ ಇಡುತ್ತೇನೆ. ಬದಲಿ ಬ್ಲೇಡು ಇಲ್ಲಿ ಸಿಗಲಿಲ್ಲ, ಮೈಸೂರಿನಿಂದ ತರಿಸಿದೆ. ತಗೊಳ್ಳುವಾಗಲೇ ಎರಡು ಬ್ಲೇಡು ಜಾಸ್ತಿ ತಗೊಳ್ಳಿ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಆ ಒಂದು ಕಳೆದದ್ದು ಅರ್ಧ ಡಿಗ್ರಿಗೆ ಮತ್ತು ಬಾರದ ಉತ್ತರಕ್ಕೆ.

ದೊಡ್ಡಮ್ಮ ಈಗ ಕುಶಾಲನಗರದಲ್ಲಿದ್ದಾರೆ. ಹಸಿರು ಪೇಂಟು ಕೆರೆದ ಆ ಹಲಸಿನ ಕನ್ನಡಿ ಅವರ ಕೋಣೆಯಲ್ಲಿದೆ. ಕೊಟ್ಟ ದಿನ ಕನ್ನಡಿ ನೋಡಲೇ ಇಲ್ಲ. ಚಿಲಕ ಹಾಕುತ್ತಿದ್ದ ಜಾಗದ ತೂತನ್ನು ಬೆರಳಲ್ಲಿ ಹುಡುಕಿ, "ಇದು ಅಡುಗೆಮನೆ ಕಿಟಕಿದು ಕಣೇ" ಅಂದರು.