ಮನೆ ಕಟ್ಟುವ ಪರ್ಮಿಟ್ ರಿಜೆಕ್ಟ್ ಆಗಿದ್ರೆ ಅಪೀಲ್ ಹಾಕುವ ಮೊದಲು ಕಾಸರಗೋಡು ಬದಿಯಡ್ಕದ ಈ ಇಂಜಿನಿಯರ್ ಆಫೀಸಿಗೆ ಹೋಗಿ

ಕಳೆದ ವರ್ಷ ಪಂಚಾಯತಿನಲ್ಲಿ ನಮ್ಮ ಮನೆಯ ಪರ್ಮಿಟ್ ರಿಜೆಕ್ಟ್ ಆಯ್ತು. ಆರ್ಡರ್ ಪೂರ್ತಿ ಮಲಯಾಳದಲ್ಲಿ, ಅಪ್ಪನಿಗೆ ಓದ್ಲಿಕ್ಕೆ ಬರುವುದಿಲ್ಲ, ನನಗೂ ಅಷ್ಟಕ್ಕಷ್ಟೆ. ಮೊದಲು ಹೋದ ಒಂದು ಕಡೆ ಅದನ್ನು ಸರಿಯಾಗಿ ನೋಡದೆಯೇ "ಅಪೀಲ್ ಹಾಕುವ, ನೂರಕ್ಕೆ ನೂರು ಗೆಲ್ತದೆ" ಅಂತ ಹದಿನೈದು ಸಾವಿರ ಅಡ್ವಾನ್ಸ್ ಕೇಳಿದ್ರು. ಅಪೀಲಿಗೆ ಇರುವುದೇ 30 ದಿನ, ಅದರಲ್ಲಿ 19 ಹೋಗಿತ್ತು, ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ.

ಆಮೇಲೆ ಭಾವ ಹೇಳಿ ಇಲ್ಲಿಗೆ ಹೋದದ್ದು. ಇಂಜಿನಿಯರು ಆರ್ಡರನ್ನು ಸಾಲು ಸಾಲು ಓದಿ ಕನ್ನಡದಲ್ಲಿ ಹೇಳಿದ್ರು, ಮತ್ತೆ ಪ್ಲಾನಿನ ಮೇಲೆ ಸ್ಕೇಲ್ ಇಟ್ಟು ರಸ್ತೆಗೂ ಸಿಟೌಟಿಗೂ (ಮನೆ ಎದುರಿನ ಜಗಲಿ) ನಡುವೆ ಪೆನ್ಸಿಲಲ್ಲಿ ಸುತ್ತು ಹಾಕಿದ್ರು, 2.60 ಮೀಟರ್. ನಮ್ಮದು ಜಿಲ್ಲಾ ರಸ್ತೆ ಬದಿ, 3 ಮೀಟರ್ ಬಿಡ್ಬೇಕು ಅಂತ ಕೇರಳ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಉಂಟು, ಅದನ್ನು ಅಪೀಲ್ ಕೇಳುವ ತಿರುವನಂತಪುರದ ಟ್ರಿಬ್ಯೂನಲ್ ಬಿಟ್ಟುಕೊಡ್ಲಿಕ್ಕೆ ಆಗುವುದಿಲ್ಲ ಅಂದ್ರು. ಇನ್ನೊಂದು ಕಾರಣ ಜಾಗ ಡೇಟಾ ಬ್ಯಾಂಕಿನಲ್ಲಿ (ಸರ್ಕಾರದ ಗದ್ದೆಗಳ ಪಟ್ಟಿ) ಗದ್ದೆ ಅಂತ ಇದ್ದದ್ದು. ಅಜ್ಜನ ಕಾಲದಿಂದ ಅದು ಅಡಿಕೆ ತೋಟ, ಆದ್ರೂ ಆ ಪಟ್ಟಿಯಿಂದ ತೆಗೆಸ್ಬೇಕಾದ್ರೆ ಆರ್‌ಡಿಒಗೆ (ಕಂದಾಯ ವಿಭಾಗದ ಅಧಿಕಾರಿ) ಫಾರ್ಮ್ 5 ಅರ್ಜಿ ಕೊಡ್ಬೇಕು, 2008ರಲ್ಲಿ ಗದ್ದೆ ಕಾಯ್ದೆ ಬರುವ ಮೊದಲೇ ತೋಟ ಆಗಿತ್ತು ಅಂತ ತೋರಿಸ್ಬೇಕು. "ಇದರಲ್ಲಿ ಗೆಲ್ಲುವ ಚಾನ್ಸ್ ಇಲ್ಲ ಅಣ್ಣ, ಸುಮ್ಮನೆ ತಿರುವನಂತಪುರಕ್ಕೆ ಓಡಾಡಿ ದುಡ್ಡು ಕಳ್ಕೊಳ್ಬೇಡಿ" ಅಂತ ಮುಖಕ್ಕೇ ಹೇಳಿದ್ರು. ಕಾರಣವೇ ಬರೆಯದೆ, ಅಥವಾ ರೂಲಲ್ಲಿ ಇಲ್ಲದ ಕಾರಣ ಹಾಕಿ ರಿಜೆಕ್ಟ್ ಮಾಡಿದ್ರೆ ಅಪೀಲ್ ಗಟ್ಟಿ ನಿಲ್ತದಂತೆ, ಆಗಲೂ ಹೆಚ್ಚಾಗಿ ಸಿಗುವುದು ಅರ್ಜಿಯನ್ನು ಮತ್ತೊಮ್ಮೆ ನೋಡಿ ಅಂತ ಆರ್ಡರ್, ನೇರ ಪರ್ಮಿಟ್ ಅಲ್ಲ.

ಇಷ್ಟಕ್ಕೆ ತಗೊಂಡದ್ದು 500 ರುಪಾಯಿ.

ಮತ್ತೆ ಸಿಟೌಟನ್ನು ಹಿಂದೆ ಸರಿಸಿ ಹೊಸ ಪ್ಲಾನ್ ಅವರೇ ಮಾಡಿಕೊಟ್ರು. ಅಮ್ಮನ ಟ್ರಂಕಿನಲ್ಲಿ 2003ರಲ್ಲಿ ಅಡಿಕೆ ಮಾರಿದ ರಶೀದಿಗಳು ಸಿಕ್ಕಿದವು, ಹುಳ ತಿಂದು ಅಂಚು ಹೋಗಿತ್ತು, ಅದನ್ನೂ ಫಾರ್ಮ್ 5ರ ಜೊತೆ ಇಟ್ಟೆವು. ಕೃಷಿಭವನದವರು ಬಂದು ನೋಡಿ, ಅದಾದ ಮೇಲೆ ಜಾಗ ಮನೆಗೆ ಪರಿವರ್ತನೆ ಆಗ್ಲಿಕ್ಕೆ ಫಾರ್ಮ್ 6 ಬೇರೆ, ಎಲ್ಲಾ ಸೇರಿ ಒಂಬತ್ತು ತಿಂಗಳು ಹಿಡೀತು, ಈಗ ಮನೆಗೆ ಪಂಚಾಂಗ (ಅಡಿಪಾಯ) ಹಾಕಿ ಆಯ್ತು.

ಆಫೀಸು ಮಹಡಿ ಮೇಲೆ, ಮೆಟ್ಟಿಲು ಕಡಿದು, ಪ್ರಾಯದವರಿಗೆ ಕಷ್ಟ. ಫೋನ್ ತೆಗೆಯುವುದು ಕಡಿಮೆ, ನೇರ ಹೋಗುವುದೇ ಒಳ್ಳೇದು. ಹೋಗುವಾಗ ರಿಜೆಕ್ಟ್ ಆರ್ಡರ್, ಜಾಗದ ಆಧಾರ (ದಸ್ತಾವೇಜು), ತೀರ್ವೆ (ಭೂ ಕಂದಾಯ) ರಶೀದಿ, ಹಳೇ ಪ್ಲಾನ್ ಎಲ್ಲ ತಗೊಂಡು ಹೋಗಿ, ಆರ್ಡರ್ ಕೈಗೆ ಸಿಕ್ಕಿದ ತಾರೀಕನ್ನೂ ಬರೆದಿಟ್ಕೊಳ್ಳಿ, ಅವರು ಮೊದಲು ಕೇಳುವುದೇ ಅದು.