ಮಾಡಿನ ಮೇಲಿನ ಹಳೆಯ ಟಿವಿ ಡಿಶ್‌ನಿಂದ ಇಂಟರ್ನೆಟ್: ಯಾವ ದಾರಿ ನಡೆಯುತ್ತದೆ, ಯಾವುದು ಇಲ್ಲ

ಕಾರ್ಕಳ, ಹೆಬ್ರಿ, ಬೆಳ್ತಂಗಡಿ ಕಡೆಯ ಒಳಊರುಗಳಲ್ಲಿ ರೀಚಾರ್ಜ್ ನಿಲ್ಲಿಸಿದ ಡಿಶ್ ಇಲ್ಲದ ಮನೆ ಕಡಿಮೆ. ಅದೇ ಮನೆಗಳಿಗೆ ಫೈಬರ್ ಇನ್ನೂ ಬಂದಿರುವುದಿಲ್ಲ, ಮೊಬೈಲ್‌ಗೆ ಅಂಗಳದ ಒಂದು ಮೂಲೆಯಲ್ಲಿ ಮಾತ್ರ ಎರಡು ಕಡ್ಡಿ ಸಿಗುತ್ತದೆ. ಹೇಗೂ ಡಿಶ್ ಇದೆಯಲ್ಲ, ಅದರಲ್ಲೇ ಸ್ಯಾಟಲೈಟ್ ಇಂಟರ್ನೆಟ್ ಹಾಕಿಸಬಹುದಾ ಅಂತ ಕೇಳುವವರು ಇವರೇ. ಡಿಶ್ ಈಗ ಇರುವ ಹಾಗೇ ಇದ್ದರೆ ಆಗುವುದಿಲ್ಲ. ಆದರೆ ಅದರ ತಟ್ಟೆಯನ್ನು ಆಕಾಶದಿಂದ ಇಳಿಸಿ ಮೊಬೈಲ್ ಟವರ್ ಕಡೆಗೆ ತಿರುಗಿಸಿದರೆ ಅದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಈ ದಾರಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದ ಮೇಲೆ ಬರೆದದ್ದು ಇದು. ಮನೆ ತನಕ ಫೈಬರ್ ಬಂದಿದ್ದರೆ ಅದನ್ನೇ ಹಾಕಿಸಿ, ಕೆಳಗಿನ ಯಾವುದೂ ಅದಕ್ಕೆ ಸಾಟಿಯಲ್ಲ.

ಡಿಶ್ ಇದ್ದ ಹಾಗೇ

ತೋಳಿನ ತುದಿಯಲ್ಲಿರುವ ಎಲ್‌ಎನ್‌ಬಿ ಬರೀ ಕಿವಿ, ಅದಕ್ಕೆ ಬಾಯಿಲ್ಲ. 10.7ರಿಂದ 12.75 ಗಿಗಾಹರ್ಟ್ಸ್ ನಡುವೆ ಬರುವ ಸಿಗ್ನಲ್ ಹಿಡಿದು, ಬಲಪಡಿಸಿ, 950ರಿಂದ 2150 ಮೆಗಾಹರ್ಟ್ಸ್‌ಗೆ ಇಳಿಸಿ ಕೇಬಲ್‌ಗೆ ಬಿಡುತ್ತದೆ. ಮೇಲಕ್ಕೆ ಏನನ್ನೂ ಕಳಿಸುವುದಿಲ್ಲ. ಇಂಟರ್ನೆಟ್‌ನಲ್ಲಿ ಒಂದು ಪುಟ ತೆರೆಯಬೇಕಾದರೂ ಮೊದಲು ನಮ್ಮ ಕಡೆಯಿಂದ ಕೋರಿಕೆ ಹೋಗಲೇಬೇಕು. ಹೊಸ ಸೆಟ್‌ಟಾಪ್ ಬಾಕ್ಸ್‌ಗಳ ಹಿಂದೆ ಲ್ಯಾನ್ ಪೋರ್ಟ್ ಕಂಡು ಮೋಸಹೋಗುವವರಿದ್ದಾರೆ. ಆ ಪೋರ್ಟ್ ಇಂಟರ್ನೆಟ್ ತೆಗೆದುಕೊಳ್ಳಲು ಇರುವುದು, ಕೊಡಲು ಅಲ್ಲ.

ಯೂರೋಪಿನಲ್ಲಿ ಒಂದು ಕಾಲಕ್ಕೆ ಕಂಪ್ಯೂಟರಿಗೆ ಡಿಶ್ ಸಿಗ್ನಲ್ ಓದುವ ಡಿವಿಬಿ ಕಾರ್ಡ್ ಹಾಕಿ, ಡೌನ್‌ಲೋಡ್ ಡಿಶ್‌ನಿಂದ, ಅಪ್‌ಲೋಡ್ ಟೆಲಿಫೋನ್ ಮೋಡೆಮ್‌ನಿಂದ ಎಂಬ ಏರ್ಪಾಡು ಇತ್ತು. ಅದರ ಹಳೆಯ ಪಾಠಗಳು ಈಗಲೂ ಹುಡುಕಿದರೆ ಸಿಗುತ್ತವೆ. ನಮ್ಮಲ್ಲಿ ಮನೆಗಳಿಗೆ ಅಂಥ ಸೇವೆ ಇಲ್ಲ, ಹಾಗಾಗಿ ಅದನ್ನು ನಂಬಿ ಕಾರ್ಡ್ ಕೊಳ್ಳಬೇಡಿ.

ಅದೇ ಜಾಗದಲ್ಲಿ ವಿಸ್ಯಾಟ್

ವಿಸ್ಯಾಟ್ ಎಂದರೆ ಚಿಕ್ಕ ಆಂಟೆನಾದಿಂದಲೇ ಉಪಗ್ರಹಕ್ಕೆ ಕಳಿಸುವ, ಅದರಿಂದ ಪಡೆಯುವ, ನಿಜವಾದ ಎರಡೂ ದಿಕ್ಕಿನ ಸಂಪರ್ಕ. ಟಿವಿ ಡಿಶ್ ಕೂಡ ಬಳಸುವ ಕು ಬ್ಯಾಂಡ್ ಎಂಬ ಫ್ರೀಕ್ವೆನ್ಸಿ ಪಟ್ಟಿಯಲ್ಲಿ ಇದು 14 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಮೇಲಕ್ಕೆ ಕಳಿಸುತ್ತದೆ. ಅದಕ್ಕೆ ಬಿಯುಸಿ ಎಂಬ ಪ್ರಸಾರ ಘಟಕ, ಬೇರೆ ಫೀಡ್ ಮತ್ತು ಒಪ್ಪಿಗೆ ಪಡೆದ ಆಂಟೆನಾ ಬೇಕು. 60 ಸೆಂ.ಮೀ. ಟಿವಿ ಡಿಶ್‌ನ ಕಿರಣ 12 ಗಿಗಾಹರ್ಟ್ಸ್‌ನಲ್ಲಿ ಸುಮಾರು 3 ಡಿಗ್ರಿ ಅಗಲ. ಕೇಳುವುದಕ್ಕೆ ಅಷ್ಟು ಸಾಕು. ಕಳಿಸುವಾಗ ಪಕ್ಕದ ಉಪಗ್ರಹಕ್ಕೂ ತಾಗಿ ಇನ್ನೊಬ್ಬರ ಸಂಪರ್ಕ ಕೆಡಿಸುತ್ತದೆ. ಅದಕ್ಕೇ ಪರವಾನಗಿ ಇರುವ ಸಂಸ್ಥೆಯವರೇ ಬಂದು ಕೂರಿಸಿ, ಪೋಲರೈಸೇಶನ್ (ಸಿಗ್ನಲ್ ಅಲೆ ಅಡ್ಡವೋ ನೆಟ್ಟಗೋ ಎಂಬುದು) ಪರೀಕ್ಷಿಸಿದ ಮೇಲೆಯೇ ಪ್ರಸಾರಕ್ಕೆ ಬಿಡುತ್ತಾರೆ.

ಹಳೆಯ ಸಾಮಾನಿನಲ್ಲಿ ಇಲ್ಲಿ ಉಪಯೋಗಕ್ಕೆ ಬರುವುದು ಅತ್ಯಲ್ಪ. ಟಿವಿ ಡಿಶ್‌ನ ತೆಳು ಕಂಬ ಈ ಆಂಟೆನಾದ ಭಾರಕ್ಕೂ ಗಾಳಿಗೂ ತಾಳುವುದಿಲ್ಲ. ಕೇಬಲ್‌ನಲ್ಲಿ ಮೇಲಿನ ಘಟಕಕ್ಕೆ ಡಿಸಿ ವಿದ್ಯುತ್ತೂ ಹೋಗಬೇಕು. ಹಳೆಯ ಟಿವಿ ಕೇಬಲ್ ಆರ್‌ಜಿ-6ರ ನಡುವಿನ ತಂತಿಗೆ ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಒಳಗೆ ಉಕ್ಕು, ಮೇಲೆ ತಾಮ್ರದ ಲೇಪ ಮಾತ್ರ. ಅದರಲ್ಲಿ ವೋಲ್ಟೇಜ್ ಇಳಿದು ಬಿಯುಸಿ ಆಗಾಗ ಆಫ್ ಆಗುತ್ತದೆ.

ಕರಾವಳಿಗೆ ಒಂದು ಅನುಕೂಲ ಇದೆ. ಡಿಡಿ ಫ್ರೀ ಡಿಶ್ ಬರುವ ಜಿಸ್ಯಾಟ್-15 ಉಪಗ್ರಹ 93.5 ಡಿಗ್ರಿ ಪೂರ್ವದಲ್ಲಿದೆ. ಮಂಗಳೂರಿನಿಂದ ಅದು ಆಗ್ನೇಯಕ್ಕೆ, ಉತ್ತರದಿಂದ ಎಣಿಸಿದರೆ ಸುಮಾರು 123 ಡಿಗ್ರಿಯಲ್ಲಿ, 63 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ. ಇಂಟರ್ನೆಟ್‌ಗೆ ಬಳಸುವ ಜಿಸ್ಯಾಟ್-11 ಇರುವುದು 74 ಡಿಗ್ರಿಯಲ್ಲಿ, ಅಂದರೆ ಹೆಚ್ಚುಕಮ್ಮಿ ನಮ್ಮದೇ ರೇಖಾಂಶದಲ್ಲಿ. ಅದು ನೇರ ದಕ್ಷಿಣಕ್ಕೆ, 75 ಡಿಗ್ರಿ ಎತ್ತರಕ್ಕೆ ಬರುತ್ತದೆ. ಡಿಶ್‌ಗಿಂತ 15 ಮೀಟರ್ ಎತ್ತರದ ತೆಂಗಿನಮರ ನಾಲ್ಕೈದು ಮೀಟರ್ ಆಚೆಗಿದ್ದರೆ ಕಿರಣ ಅದರ ತಲೆಯ ಮೇಲಿಂದಲೇ ದಾಟುತ್ತದೆ. ಬೀಸುವ ಮಡಲಿಗೆ ಇನ್ನೆರಡು ಮೀಟರ್ ಬಿಟ್ಟರಾಯಿತು. ದಿಕ್ಕು ನೋಡಲು ಫೋನಿನ ದಿಕ್ಸೂಚಿ ಸಾಕು, ಆದರೆ ತಗಡಿನ ಮಾಡಿನಿಂದ ದೂರ ನಿಂತು ನೋಡಬೇಕು.

ತೊಂದರೆ ಇರುವುದು ವಿಳಂಬದಲ್ಲಿ. ಉಪಗ್ರಹ 35,786 ಕಿ.ಮೀ. ಮೇಲಿದೆ, ಕೋರಿಕೆ ಹೋಗಿ ಉತ್ತರ ಬರಲು ಬೆಳಕಿನ ವೇಗದಲ್ಲೇ 480 ಮಿಲಿಸೆಕೆಂಡ್ ಬೇಕು. ಉಪಕರಣಗಳ ಕೆಲಸ ಸೇರಿದರೆ 600 ದಾಟುತ್ತದೆ. ಮೇಲ್, ಬಿಲ್ ಪಾವತಿ, ವಿಡಿಯೋ ನೋಡುವುದು ನಡೆಯುತ್ತದೆ. ವಿಡಿಯೋ ಕರೆಯಲ್ಲಿ ಇಬ್ಬರೂ ಒಟ್ಟಿಗೇ ಮಾತು ಶುರುಮಾಡಿ ಒಟ್ಟಿಗೇ ನಿಲ್ಲಿಸುತ್ತಾರೆ. ಮನೆಯಿಂದ ಕಂಪೆನಿ ಕೆಲಸ ಮಾಡುವವರು ವಿಪಿಎನ್ ಹಾಕಿದರೆ ವೇಗ ಇನ್ನೂ ಕುಸಿಯುತ್ತದೆ. ಏಕೆಂದರೆ ವಿಳಂಬವನ್ನು ಮರೆಮಾಡಲು ಮೋಡೆಮ್ ಮಾಡುವ ಯುಕ್ತಿ ವಿಪಿಎನ್‌ನ ಗೂಢಲಿಪಿಯ ಒಳಗೆ ಕೈಹಾಕಲಾರದು. ಆಟಿ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಗೆ ಟಿವಿ ಚಿತ್ರ ಒಡೆಯುವ ಹೊತ್ತಿಗೆ ವಿಸ್ಯಾಟ್ ಕೂಡ ಮೊದಲು ನಿಧಾನವಾಗಿ ಆಮೇಲೆ ನಿಲ್ಲುತ್ತದೆ. ಮೇಲಕ್ಕೆ ಹೋಗುವ ಸಿಗ್ನಲ್‌ನ ಫ್ರೀಕ್ವೆನ್ಸಿ ಹೆಚ್ಚು, ಆದ್ದರಿಂದ ಅದೇ ಮೊದಲು ಸೋಲುತ್ತದೆ. ಟವರ್ ಒಂದೂ ಸಿಗದ ಘಟ್ಟದ ಬುಡದ ಎಸ್ಟೇಟಿಗೆ ಇದು ಸರಿ. ಸಾಮಾನ್ಯ ಮನೆಗೆ ನಾವು ಹೇಳುವುದಿಲ್ಲ.

ತಟ್ಟೆಯನ್ನು ಟವರ್‌ಗೆ ತಿರುಗಿಸುವುದು

ಎಲ್‌ಎನ್‌ಬಿ ಬಿಚ್ಚಿ ಆ ಜಾಗದಲ್ಲಿ 4ಜಿ ಮೋಡೆಮ್ ಕೂರಿಸುವುದು ಈ ದಾರಿ. ಲೆಕ್ಕದಲ್ಲಿ 60 ಸೆಂ.ಮೀ. ತಟ್ಟೆ 1800 ಮೆಗಾಹರ್ಟ್ಸ್‌ನಲ್ಲಿ 18 ಡಿಬಿಐ, 2300ರಲ್ಲಿ 20 ಡಿಬಿಐ ಗಳಿಕೆ (ಆಂಟೆನಾ ಸಿಗ್ನಲ್ಲನ್ನು ಎಷ್ಟು ಹೆಚ್ಚಿಸುತ್ತದೆ ಎಂಬ ಅಳತೆ) ಕೊಡಬೇಕು. ಮೋಡೆಮ್‌ನ ಪುಟ್ಟ ಆಂಟೆನಾ ತಟ್ಟೆಯನ್ನು ಸರಿಯಾಗಿ ತುಂಬುವುದಿಲ್ಲ, ಹಾಗಾಗಿ ಅದರ ಅರ್ಧ ಸಿಕ್ಕರೂ ಒಳ್ಳೆಯದೇ. ಆರ್‌ಎಸ್‌ಆರ್‌ಪಿ (ಟವರ್ ಸಿಗ್ನಲ್‌ನ ಬಲದ ಅಳತೆ) ಮೈನಸ್ 115ರಲ್ಲಿ ತೂಗಾಡುವ ಸಂಪರ್ಕ ಮೈನಸ್ 105ಕ್ಕೆ ಬಂದರೆ ಕರೆ ಕಡಿಯುವುದು ನಿಲ್ಲುತ್ತದೆ, ವಿಡಿಯೋ ಓಡುತ್ತದೆ. 850 ಅಥವಾ 700 ಮೆಗಾಹರ್ಟ್ಸ್‌ಗೆ ಈ ತಟ್ಟೆ ತೀರಾ ಚಿಕ್ಕದು, ಅಲೆಯ ಉದ್ದವೇ 35ರಿಂದ 43 ಸೆಂ.ಮೀ. ಇರುತ್ತದೆ. ಆದ್ದರಿಂದ ಮೋಡೆಮ್‌ನ ಸೆಟ್ಟಿಂಗ್‌ನಲ್ಲಿ ಬ್ಯಾಂಡ್ 3 (1800) ಅಥವಾ ಬ್ಯಾಂಡ್ 40ಕ್ಕೆ (2300) ಬೀಗ ಹಾಕುವ ಅನುಕೂಲ ಇರಬೇಕು. ಇಲ್ಲದಿದ್ದರೆ ಅದು ತಾನಾಗಿ 850ಕ್ಕೆ ಜಾರಿ ನಿಮ್ಮ ಶ್ರಮ ವ್ಯರ್ಥ ಮಾಡುತ್ತದೆ.

ಎಲ್ಲರೂ ತಪ್ಪುವುದು ಕೇಬಲ್ ವಿಷಯದಲ್ಲಿ. ಆಂಟೆನಾ ಮೇಲಿಟ್ಟು ಹಳೆಯ ಆರ್‌ಜಿ-6ರಲ್ಲಿ ಸಿಗ್ನಲ್ ಕೆಳಗಿಳಿಸಿ ಒಳಗಿನ ರೂಟರಿಗೆ ಕೊಡುತ್ತಾರೆ. ಈ ಕೇಬಲ್ 2 ಗಿಗಾಹರ್ಟ್ಸ್ ಹತ್ತಿರ 10 ಮೀಟರಿಗೆ ಸುಮಾರು 3 ಡಿಬಿ ತಿನ್ನುತ್ತದೆ. 20 ಮೀಟರ್ ಇಳಿಸಿದರೆ 6 ಡಿಬಿ ಹೋಯಿತು, ತಟ್ಟೆ ಗಳಿಸಿಕೊಟ್ಟದ್ದರಲ್ಲಿ ದೊಡ್ಡ ಪಾಲು ಅದೇ. 75 ಓಮ್, 50 ಓಮ್ ಹೊಂದುವುದಿಲ್ಲ ಅಂತ ಚಿಂತಿಸುವವರು ಹೆಚ್ಚು, ಅದರ ನಷ್ಟ ಕಾಲು ಡಿಬಿ ಕೂಡ ಇಲ್ಲ. ಉದ್ದವೇ ನಿಜವಾದ ಶತ್ರು. ಮೋಡೆಮನ್ನೇ ಮೇಲೆ ಕೂರಿಸಿ, ಕೆಳಗೆ ಹೊರಾಂಗಣದ ಕ್ಯಾಟ್-6 ಲ್ಯಾನ್ ಕೇಬಲ್ ಇಳಿಸಿ, ಅದರಲ್ಲೇ ಪಿಒಇ ಮೂಲಕ ವಿದ್ಯುತ್ ಕೊಡಿ. ವೈಫೈ ಮಾತ್ರ ಇರುವ ಡಾಂಗಲ್ ಬೇಡ. ತಟ್ಟೆ ವೈಫೈಯನ್ನೂ ಟವರ್ ಕಡೆಗೇ ಎಸೆಯುತ್ತದೆ, ತಟ್ಟೆಯ ಹಿಂದಿರುವ ಮನೆಗೆ ಏನೂ ಉಳಿಯುವುದಿಲ್ಲ.

ಕೂರಿಸುವಾಗ ಮೋಡೆಮ್‌ನ ಆಂಟೆನಾ ಇರುವ ಭಾಗ ಎಲ್‌ಎನ್‌ಬಿಯ ಬಾಯಿ, ಅಂದರೆ ತಟ್ಟೆಗೆ ಮುಖಮಾಡಿದ ತುದಿ, ಇದ್ದ ಜಾಗಕ್ಕೆ ಬರಬೇಕು. ಎಲ್‌ಎನ್‌ಬಿಯ ಹಿಂಭಾಗ ಇದ್ದ ಜಾಗಕ್ಕಲ್ಲ. ಎಲ್‌ಎನ್‌ಬಿ ತೆಗೆಯುವ ಮೊದಲೇ ತೋಳಿನಿಂದ ಬಾಯಿಗೆ ಎಷ್ಟು ದೂರ ಅಂತ ಕಡ್ಡಿಯಿಂದ ಅಳೆದು ಗುರುತಿಟ್ಟುಕೊಳ್ಳಿ. ಡಬ್ಬಿ ಪಿವಿಸಿಯದ್ದಿರಲಿ, ಲೋಹದ್ದು ಬೇಡ. ತಳದಲ್ಲಿ 3 ಮಿ.ಮೀ.ನ ಎರಡು ತೂತು ಕೊರೆದು ಒಳಗಿನಿಂದ ಸೊಳ್ಳೆಪರದೆ ಅಂಟಿಸಿ. ತೂತಿಲ್ಲದಿದ್ದರೆ ಒಳಗೆ ನೀರು ಬೆವರಿ ನಿಲ್ಲುತ್ತದೆ, ಪರದೆ ಇಲ್ಲದಿದ್ದರೆ ಇರುವೆ ಗೂಡು ಕಟ್ಟುತ್ತದೆ. ಬ್ಯಾಟರಿ ಇರುವ ಮೋಡೆಮ್ ಏಪ್ರಿಲ್ ಬಿಸಿಲಿಗೆ ಉಬ್ಬುತ್ತದೆ, ಬ್ಯಾಟರಿ ಇಲ್ಲದೆಯೂ ಓಡುವಂಥದ್ದನ್ನೇ ಆರಿಸಿ.

ಇನ್ನು ಕೋನ. ಟಿವಿ ಡಿಶ್ ಆಫ್‌ಸೆಟ್ ಜಾತಿಯದ್ದು, ಅದರ ಕಿರಣ ಮುಖಕ್ಕಿಂತ ಸುಮಾರು 24 ಡಿಗ್ರಿ ಮೇಲಕ್ಕೆ ಹೋಗುತ್ತದೆ. ಗೋಡೆಯ ಹಾಗೆ ನೆಟ್ಟಗೆ ನಿಲ್ಲಿಸಿ ಟವರ್‌ಗೆ ತೋರಿಸಿದೆ ಅಂದುಕೊಂಡರೆ ಅದು ಟವರಿನ ಮೇಲಿನ ಮೋಡ ನೋಡುತ್ತಿರುತ್ತದೆ. ದಿಗಂತಕ್ಕೆ ಗುರಿಯಿಡಲು ತಟ್ಟೆ 24 ಡಿಗ್ರಿ ಮುಂದಕ್ಕೆ ಬಗ್ಗಬೇಕು, ಹೆಚ್ಚಿನ ಹಿಡಿಕೆಗಳು ಅಷ್ಟು ಬಗ್ಗುವುದಿಲ್ಲ. ಉಪಾಯ ಸುಲಭ: ತಟ್ಟೆಯನ್ನೂ ತೋಳನ್ನೂ ಸೇರಿಸಿ ತಲೆಕೆಳಗು ಮಾಡಿ, ತೋಳು ಮೇಲಿರಲಿ. ಆಗ ಕಿರಣ ಮುಖಕ್ಕಿಂತ 24 ಡಿಗ್ರಿ ಕೆಳಕ್ಕೆ ಹೋಗುತ್ತದೆ. ತಟ್ಟೆಯನ್ನು ಅಷ್ಟೇ ಹಿಂದಕ್ಕೆ ವಾಲಿಸಿದರೆ ನೇರ ದಿಗಂತ. ಹಿಡಿಕೆಯ ಮೇಲಿನ ಎತ್ತರದ ಗೀಟಿನಲ್ಲಿ ಇದು 48ರ ಹತ್ತಿರ ಬರುತ್ತದೆ.

ಟವರ್ ಎಲ್ಲಿದೆ ಅಂತ ಸರ್ಕಾರದ ತರಂಗ್ ಸಂಚಾರ್ ಪೋರ್ಟಲ್‌ನಲ್ಲಿ ನೋಡಬಹುದು. ಕಿರಣ ಇಲ್ಲಿ ಸುಮಾರು 15 ಡಿಗ್ರಿ ಅಗಲ, ಉಪಗ್ರಹದಷ್ಟು ಸೂಕ್ಷ್ಮ ಕೆಲಸ ಅಲ್ಲ. ಐದೈದು ಡಿಗ್ರಿ ತಿರುಗಿಸಿ, ಪ್ರತಿ ಸಲ ಒಂದು ನಿಮಿಷ ಕಾದು ಎಸ್‌ಐಎನ್‌ಆರ್ (ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಎಂಬ ಅಳತೆ) ಓದಿ. ಆರ್‌ಎಸ್‌ಆರ್‌ಪಿ ಏರಿ ಎಸ್‌ಐಎನ್‌ಆರ್ ಇಳಿದರೆ ಎರಡು ಟವರ್ ಒಟ್ಟಿಗೆ ಕಣ್ಣಿಗೆ ಬಿದ್ದಿವೆ ಎಂದರ್ಥ, ಒಂದನ್ನು ಬಿಟ್ಟು ಸ್ವಲ್ಪ ಪಕ್ಕಕ್ಕೆ ಸರಿಸಿ. ನಡುವೆ ಗುಡ್ಡೆ ಇದ್ದರೆ ಟವರಿನ ದಿಕ್ಕಿಗೆ ಗುಡ್ಡೆಯ ನೆತ್ತಿಗೆ ಗುರಿಯಿಡಿ. ಸಿಗ್ನಲ್ ಬಾಗಿ ಇಳಿಯುವುದು ಆ ಅಂಚಿನಿಂದಲೇ. ಒದ್ದೆ ಅಡಿಕೆ ತೋಟದೊಳಗಿಂದ ನೋಡುವ ಡಿಶ್ ಮೇ ತಿಂಗಳಲ್ಲಿ ಕೊಟ್ಟದ್ದನ್ನು ಜುಲೈಯಲ್ಲಿ ಕೊಡುವುದಿಲ್ಲ. ಹಾಗಾಗಿ ಬೇಸಿಗೆಯಲ್ಲಿ ಗುರಿಯಿಟ್ಟರೆ ಮಳೆಗಾಲದಲ್ಲಿ ಇನ್ನೊಮ್ಮೆ ನೋಡಿ.

ಮಾರುಕಟ್ಟೆಯಲ್ಲಿ ಸಿಗುವ ಸಿಗ್ನಲ್ ಬೂಸ್ಟರ್ ಇದರ ಬದಲಿಗೆ ತರಬೇಡಿ. ಪರವಾನಗಿ ಇಲ್ಲದೆ ಅದನ್ನು ಹಾಕುವುದು ಅಪರಾಧ, ಊರಿಗೇ ಸಿಗ್ನಲ್ ಕೆಡಿಸುತ್ತದೆ ಕೂಡ. ತಟ್ಟೆ ಬರೀ ಕನ್ನಡಿ, ತಾನಾಗಿ ಏನನ್ನೂ ಪ್ರಸಾರ ಮಾಡುವುದಿಲ್ಲ.

ಇನ್ನೆರಡು ಮಾತು

ಗದ್ದೆಯಾಚೆ ನೆಂಟರ ಮನೆಗೆ ಫೈಬರ್ ಬಂದಿದ್ದು, ಎರಡು ಮಾಡುಗಳ ನಡುವೆ ನೇರ ನೋಟ ಇದ್ದರೆ 5 ಗಿಗಾಹರ್ಟ್ಸ್ ವೈಫೈ ಸೇತುವೆ 4ಜಿಗಿಂತ ಒಳ್ಳೆಯದು. ಅದಕ್ಕೆ ಡಿಶ್ ಬೇಕಿಲ್ಲ, ಸಿದ್ಧ ಸಿಪಿಇ (ಹೊರಗೆ ಕೂರಿಸುವ ವೈಫೈ ಪೆಟ್ಟಿಗೆ) ಜೋಡಿಯೇ ಒಂದೆರಡು ಕಿ.ಮೀ. ಹೋಗುತ್ತದೆ. 1 ಕಿ.ಮೀ. ದಾರಿಯ ನಡುಮಧ್ಯೆ ದೃಷ್ಟಿರೇಖೆಯ ಸುತ್ತ ಮೂರೂವರೆ ಮೀಟರ್ ಖಾಲಿ ಇರಬೇಕು ಅಷ್ಟೆ.

ಕೆಳಕಕ್ಷೆಯ ಉಪಗ್ರಹಗಳ ಬಗ್ಗೆ ಕೇಳುವವರಿಗೆ: ಸ್ಟಾರ್‌ಲಿಂಕ್‌ಗೆ ದೂರಸಂಪರ್ಕ ಇಲಾಖೆಯ ಪರವಾನಗಿ ಸಿಕ್ಕಿದ್ದು 2025ರ ಜೂನ್‌ನಲ್ಲಿ. ಸುಮಾರು 550 ಕಿ.ಮೀ. ಎತ್ತರದ ಆ ಉಪಗ್ರಹಗಳು ಓಡುತ್ತಲೇ ಇರುತ್ತವೆ. ಅದರ ಚಪ್ಪಟೆ ಆಂಟೆನಾ ಅವನ್ನು ತಾನೇ ಹಿಂಬಾಲಿಸುತ್ತದೆ, ಟಿವಿ ಡಿಶ್‌ಗೆ ಅಲ್ಲಿ ಪಾತ್ರವೇ ಇಲ್ಲ. ಒಂದು ಬಿಂದುವಿನ ಬದಲು ಅಗಲ ಆಕಾಶ ಕಾಣಬೇಕು. 15 ಮೀಟರ್ ತೆಂಗು ಇಲ್ಲಿ ಇಪ್ಪತ್ತು ಮೀಟರ್ ಆಚೆಗಿದ್ದರೂ ಅಡ್ಡ ಬರುತ್ತದೆ. ತೋಟದ ನಡುವಿನ ಮನೆಯವರು ಇದನ್ನು ಈಗಲೇ ಅಳೆದಿಟ್ಟುಕೊಳ್ಳುವುದು ಒಳ್ಳೆಯದು.

ಯಾವ ದಾರಿ ಹಿಡಿದರೂ ಕಂಬದ ಬುಡ ನೋಡಿ. ಮುರಕಲ್ಲಿನ ಗೋಡೆಗೆ ಹೊಡೆದ ಆ್ಯಂಕರ್ ಬೋಲ್ಟ್ ಎರಡು ಮಳೆಗಾಲದಲ್ಲಿ ಸಡಿಲವಾಗುತ್ತದೆ, ಕಲ್ಲೇ ಪುಡಿಯಾಗುತ್ತದೆ. ಕಾಂಕ್ರೀಟ್ ಲಿಂಟೆಲ್‌ಗೆ ಹೊಡೆಯಿರಿ, ಇಲ್ಲವೇ ಗೋಡೆಯ ಆಚೆಗೆ ದಾಟುವ ಬೋಲ್ಟಿಗೆ ಎರಡೂ ಕಡೆ ಪಟ್ಟಿ ಕೊಡಿ. ಮಲ್ಪೆ, ಸುರತ್ಕಲ್ ಹಾಗೆ ಕಡಲಿಗೆ ಹತ್ತಿರ ಇದ್ದರೆ ಸ್ಟೇನ್‌ಲೆಸ್ ನಟ್ಟು ಬೋಲ್ಟು ಬಳಸಿ. ಕೇಬಲ್ ಒಳಗೆ ಹೋಗುವ ಮುನ್ನ ಒಂದು ಗೇಣು ಕೆಳಗಿಳಿದು ಮೇಲೇರಲಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಕಂಬಕ್ಕೆ 16 ಚದರ ಮಿ.ಮೀ. ತಾಮ್ರದ ತಂತಿಯಿಂದ ಅರ್ತಿಂಗ್ ಮಾಡಿ ಮನೆಯ ಅರ್ತಿಂಗ್‌ಗೆ ಜೋಡಿಸಿ, ಕ್ಯಾಟ್-6ಕ್ಕೆ ಸರ್ಜ್ ಪ್ರೊಟೆಕ್ಟರ್ ಹಾಕಿ. ಇದೆಲ್ಲ ಮೇ ಕೊನೆಯ ಪತ್ತನಾಜೆಗೆ ಮೊದಲೇ ಮುಗಿದಿರಲಿ. ಏಪ್ರಿಲ್-ಮೇ ಸಂಜೆಯ ಸಿಡಿಲು ಶುರುವಾದರೆ ಪಿಒಇ ಪ್ಲಗ್ ಕಿತ್ತಿಡಿ, ಮಾಡು ಹತ್ತುವುದನ್ನು ಮರುದಿನ ಬೆಳಿಗ್ಗೆಗೆ ಬಿಡಿ.