ಮಗು ನೋಡಿಕೊಳ್ಳುವವರ ಸ್ವಭಾವ: ನಮ್ಮ ಮನೆಗೆ ಬಂದ ನಾಲ್ವರ ಹೋಲಿಕೆ

ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆ ಮಗು ನೋಡಿಕೊಳ್ಳಲು ಜನ ಹುಡುಕುವಾಗ ಎಲ್ಲರೂ ವಿಚಾರಿಸುವುದು ಎರಡೇ ಸಂಗತಿ. ಸಂಬಳ ಎಷ್ಟು, ಜನ ನಂಬಿಕಸ್ಥರಾ. ಎರಡೂ ಕೇಳಬೇಕಾದದ್ದೇ. ಸ್ವಭಾವ ಹೇಗೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೂ "ಒಳ್ಳೆ ಜನ, ಏನೂ ತೊಂದರೆ ಇಲ್ಲ" ಅನ್ನುವ ಉತ್ತರ ಬರುತ್ತದೆ. ಒಳ್ಳೆ ಜನರಲ್ಲೂ ಬಗೆ ಬಗೆ ಇದ್ದಾರೆ. ಒಬ್ಬರ ಒಳ್ಳೆಯತನ ಒಂದು ಮಗುವಿಗೆ ಹಿಡಿಸುತ್ತದೆ, ಇನ್ನೊಂದಕ್ಕೆ ಹಿಡಿಸುವುದಿಲ್ಲ. ಇದನ್ನೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಕೆಲಸಕ್ಕೆ ಹೋಗುವ ಅಮ್ಮಂದಿರಿಗೆ ಉಪಯೋಗವಾಗಬಹುದು.

ನನಗೆ ಬದಿಯಡ್ಕದಲ್ಲಿ ಬ್ಯಾಂಕ್ ಕೆಲಸ. ಯಜಮಾನರು ಮಂಗಳೂರಲ್ಲಿ, ವಾರಕ್ಕೊಮ್ಮೆ ಬರುತ್ತಾರೆ. 2017ರಲ್ಲಿ ಕಾನೂನು ತಿದ್ದುಪಡಿ ಆದ ಮೇಲೆ ಹೆರಿಗೆ ರಜೆ 26 ವಾರ ಸಿಗುತ್ತದೆ. ಅದು ಮುಗಿಯುವಾಗ ಮಗುವಿಗೆ ಹೆಚ್ಚೆಂದರೆ ಆರು ತಿಂಗಳು. ಅಂಗನವಾಡಿಯಲ್ಲಿ ಕೂರಿಸಿಕೊಳ್ಳುವುದು ಮೂರು ವರ್ಷಕ್ಕೆ. ನಡುವಿನ ಎರಡೂವರೆ ವರ್ಷವನ್ನು ಮನೆಗೆ ಬಂದು ನೋಡಿಕೊಳ್ಳುವವರೇ ದಾಟಿಸಬೇಕು. ನಮ್ಮಲ್ಲಿಗೆ ನಾಲ್ವರು ಬಂದರು. ಹೆಸರು ಬೇಡ. ಮಗಳು ಕರೆಯುತ್ತಿದ್ದ ಹಾಗೇ ಹೇಳುತ್ತೇನೆ: ಚೇಚಿ, ಅಜ್ಜಿ, ಅಕ್ಕ, ದೊಡ್ಡಮ್ಮ.

ಶುರುವಿಗೆ ಗೆಳತಿಯೊಬ್ಬಳು ಮೊಬೈಲಿಗೆ ಒಂದು ಪರ್ಸನಾಲಿಟಿ ಟೆಸ್ಟ್ ಕಳಿಸಿದ್ದಳು. ಜನರನ್ನು 16 ಬಗೆ ಮಾಡುವ ಮೈಯರ್ಸ್-ಬ್ರಿಗ್ಸ್ ಪರೀಕ್ಷೆ. ಅಮೆರಿಕದ ಕ್ಯಾಥರಿನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಾಬೆಲ್ ಮೈಯರ್ಸ್, ಕಾರ್ಲ್ ಯೂಂಗ್ 1921ರಲ್ಲಿ ಬರೆದ ವಿಚಾರಗಳ ಮೇಲೆ ಕಟ್ಟಿದ್ದು. "ಬರುವವರಿಗೆ ಇದನ್ನು ಕೊಟ್ಟು ನೋಡು" ಅಂದಳು. ನಾನು ಕೊಡಲಿಲ್ಲ. ಒಬ್ಬರೇ ಕೆಲವು ವಾರ ಬಿಟ್ಟು ಮತ್ತೆ ಉತ್ತರ ತುಂಬಿದರೆ ಬೇರೆ ಬಗೆ ಬರುವುದುಂಟು. ಕೆಲಸಕ್ಕೆ ಜನ ಆರಿಸಲು ಇದನ್ನು ಬಳಸಬೇಡಿ ಅಂತ ಆ ಪರೀಕ್ಷೆ ನಡೆಸುವವರೇ ಹೇಳುತ್ತಾರೆ. ಅದಕ್ಕಿಂತ ಅಡುಗೆಮನೆಯಲ್ಲಿ ನಿಂತು ನೋಡಿದರೆ ಹೆಚ್ಚು ಗೊತ್ತಾಗುತ್ತದೆ.

ಉದಾಹರಣೆಗೆ ಅಮೃತಂ ಪುಡಿ. ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಅಂಗನವಾಡಿಯಿಂದ ಮನೆಗೆ ಕೊಡುವ ನ್ಯೂಟ್ರಿಮಿಕ್ಸ್ ಪ್ಯಾಕೆಟ್. ಗೋಧಿ, ಕಡಲೆ, ಸೋಯಾ, ನೆಲಗಡಲೆ, ಸಕ್ಕರೆ ಸೇರಿಸಿ ಕೇರಳದ ಸ್ವಸಹಾಯ ಸಂಘ ಕುಟುಂಬಶ್ರೀಯ ಹೆಂಗಸರು ತಯಾರಿಸುತ್ತಾರೆ. ಇದರ ಮೊದಲ ಕೆಲಸ ನಡೆದದ್ದು ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯ ಕೃಷಿ ವಿಜ್ಞಾನ ಕೇಂದ್ರದಲ್ಲಿ. ಅದೇ ಪ್ಯಾಕೆಟ್ ನಾಲ್ಕು ಕೈಯಲ್ಲಿ ನಾಲ್ಕು ರೀತಿ ಆಯಿತು. ಚೇಚಿ ಚಮಚ ಲೆಕ್ಕದಲ್ಲಿ ಅಳೆದು, ದಿನಾ ಒಂದೇ ಹದದಲ್ಲಿ ಕಾಯಿಸಿ, ಬಟ್ಟಲು ಖಾಲಿ ಆಗುವವರೆಗೆ ತಿನ್ನಿಸುತ್ತಿದ್ದರು. ಅಜ್ಜಿ ಅದನ್ನು ಕಪಾಟಿನ ಹಿಂದೆ ಸರಿಸಿ, ತಾವೇ ಒಣಗಿಸಿದ ಬಾಳೆಕಾಯಿ ಹುಡಿಯ ಮಣ್ಣಿ ಮಾಡುತ್ತಿದ್ದರು. ಅಕ್ಕ ಬೆಲ್ಲ, ತುಪ್ಪ ಹಾಕಿ ಉಂಡೆ ಕಟ್ಟಿ ಇಬ್ಬರೂ ಸೇರಿ ತಿನ್ನುತ್ತಿದ್ದರು. ದೊಡ್ಡಮ್ಮ ಮೊದಲ ದಿನ ತೆಳ್ಳಗೆ ಮಾಡಿದರು, ಮಗಳು ಮುಖ ತಿರುಗಿಸಿದಳು. ಮರುದಿನ ಸ್ವಲ್ಪ ಗಟ್ಟಿ. ಅದರ ಮರುದಿನ ಇನ್ನೂ ಸ್ವಲ್ಪ. ಯಾವ ಹದಕ್ಕೆ ಮಗು ತಾನೇ ಬಾಯಿ ತೆರೆಯುತ್ತದೋ ಅಲ್ಲಿ ನಿಲ್ಲಿಸಿದರು. ನಾಲ್ವರ ಸ್ವಭಾವ ನನಗೆ ತಿಳಿದದ್ದೇ ಹೀಗೆ.

ಚೇಚಿ ಏಜೆನ್ಸಿಯಿಂದ ಹೋಂ ನರ್ಸ್ ಆಗಿ ಬಂದವರು, ಮನೆಯಲ್ಲೇ ಉಳಿಯುತ್ತಿದ್ದರು. ಎಲ್ಲಕ್ಕೂ ಒಂದು ಟೈಮ್. ಹಾಲು ಕುಡಿದದ್ದು ಎಷ್ಟು, ಮೂತ್ರ ಮಾಡಿದ್ದು ಯಾವಾಗ, ನಿದ್ದೆ ಎಷ್ಟು ಹೊತ್ತು, ಎಲ್ಲವನ್ನೂ ನೋಟ್‌ಬುಕ್ಕಲ್ಲಿ ಬರೆದಿಡುತ್ತಿದ್ದರು. ಆರೋಗ್ಯ ಕೆಟ್ಟಾಗ ಇಂಥವರ ಬೆಲೆ ಗೊತ್ತಾಗುತ್ತದೆ. ಮಗಳಿಗೆ ಒಮ್ಮೆ ಭೇದಿ ಜೋರಾಯಿತು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಓಆರ್‌ಎಸ್ ಪ್ಯಾಕೆಟ್ ಪೂರ್ತಿ ಹಾಕಿ, ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕೊಟ್ಟರು. ಗ್ಲಾಸಿಗೆ ಒಂದು ಚಿಟಿಕೆ ಅನ್ನುವ ಕಣ್ಣಂದಾಜು ಇಲ್ಲ. 24 ಗಂಟೆ ಆದ ಮೇಲೆ ಉಳಿದದ್ದನ್ನು ಚೆಲ್ಲಿ ಹೊಸದು ಮಾಡಿದರು. ಭೇದಿ ನಿಂತ ಮೇಲೂ ಡಾಕ್ಟರ್ ಬರೆದ ಝಿಂಕ್ ಸಿರಪ್ಪನ್ನು 14 ದಿನ ಬಿಡದೆ ಕೊಟ್ಟರು. ಅವರಿಲ್ಲದಿದ್ದರೆ ಆ ದಿನಗಳನ್ನು ನಾನು ಅಷ್ಟು ಧೈರ್ಯದಲ್ಲಿ ಕಳೆಯುತ್ತಿರಲಿಲ್ಲ.

ಆದರೆ ಹಸಿವು, ನಿದ್ದೆ ಗಡಿಯಾರ ನೋಡಿ ಬರುವುದಿಲ್ಲ ಅಲ್ವಾ? ನಿದ್ದೆ ಬಾರದ ಮಗುವನ್ನು ಟೈಮ್ ಆಯಿತೆಂದು ತೊಟ್ಟಿಲಿಗೆ ಹಾಕಿ, ಅಳು ನಿಲ್ಲುವವರೆಗೆ ತೂಗುತ್ತಿದ್ದರು. ತುಂಬ ಚಿಕ್ಕ ಮಗುವಿಗೆ, ಕಾಯಿಲೆ ಮಗುವಿಗೆ, ಅವಳಿ ಮಕ್ಕಳಿರುವ ಮನೆಗೆ ಈ ಸ್ವಭಾವ ಬಹಳ ಒಳ್ಳೆಯದು. ಓಡಾಡಲು ಶುರು ಮಾಡಿದ ಮಗುವಿಗೆ ಬಿಗಿ ಅನಿಸುತ್ತದೆ.

ಅಜ್ಜಿ ಕೆಳಗಿನ ತೋಟದ ಮನೆಯವರು. ಮುದ್ದು ಅಂದರೆ ಮುದ್ದು. ಅವರ ಮಡಿಲಲ್ಲಿ ಮಗಳು ಅತ್ತದ್ದೇ ಕಡಿಮೆ. ಎಣ್ಣೆ ಹಚ್ಚಿ ಮೀಯಿಸಿ, ಹಾಡು ಹೇಳಿ, ಕಥೆ ಹೇಳಿ ಮಲಗಿಸುತ್ತಿದ್ದರು. ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳೆದವರು ಅವರು. ತೆಂಕುತಿಟ್ಟಿನ ಪ್ರಸಂಗ ಬರೆದ ಪಾರ್ತಿಸುಬ್ಬನ ಊರು ಕುಂಬಳೆ ನಮಗೇನು ದೂರವೇ! ಮಹಿಷಾಸುರ ಬರುವುದನ್ನು ಅಂಗಳದಲ್ಲಿ ಕೂತು ಬಾಯಲ್ಲೇ ಚೆಂಡೆ ನುಡಿಸಿ ತೋರಿಸುತ್ತಿದ್ದರು. ಮಗಳಿಗೆ ಮಾತು ಬೇಗ ಬಂದದ್ದು ಅಜ್ಜಿಯಿಂದ. ಇದು ಸಣ್ಣ ವಿಷಯ ಅಲ್ಲ. ಎದುರಿಗೆ ಕೂತು, ಮುಖ ನೋಡಿ, ದಿನವಿಡೀ ಮಾತಾಡುವ ಮನುಷ್ಯರು ಮಗುವಿಗೆ ಬೇಕೇ ಬೇಕು.

ಅಜ್ಜಿಯಲ್ಲಿ ನನಗೆ ಕಷ್ಟವಾದದ್ದು ಎರಡು ಕಡೆ. ಒಂದು, ಬಜೆ. ಬಜೆ ತೇದು ಜೇನಲ್ಲಿ ಕಲಸಿ ನೆಕ್ಕಿಸುವ ಅಭ್ಯಾಸ ನಮ್ಮ ಕಡೆ ಇದೆ. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು, ಬೊಟುಲಿಸಂ ಅನ್ನುವ ವಿಷಬಾಧೆಯ ಅಪಾಯ ಇದೆ ಅಂತ ಹೇಳಿದೆ. "ನನ್ನ ಮಕ್ಕಳೆಲ್ಲ ಇದನ್ನೇ ನೆಕ್ಕಿ ದೊಡ್ಡವರಾದದ್ದು ಮಗಳೇ" ಅಂದರು. ನನ್ನ ಮೇಲೆ ಕೋಪವೇನೂ ಇಲ್ಲ. ಪ್ರೀತಿಯಿಂದಲೇ ಹೇಳಿದರು, ಪ್ರೀತಿಯಿಂದಲೇ ಮುಂದುವರಿಸಲು ಹೊರಟರು. ಕೊನೆಗೆ ಜೇನಿನ ಬಾಟಲಿಯನ್ನೇ ಮನೆಯಿಂದ ತೆಗೆದಿಟ್ಟೆ.

ಎರಡನೆಯದು ಇನ್ನೂ ಮುಖ್ಯ. ಅಜ್ಜಿ ಕೆಟ್ಟ ಸುದ್ದಿ ಹೇಳುತ್ತಿರಲಿಲ್ಲ. ಮಗಳ ಹಣೆಯಲ್ಲಿ ಊತ ಕಂಡು "ಬಿದ್ದಳಾ ಅಜ್ಜಿ?" ಅಂದರೆ "ಇಲ್ಲಪ್ಪ, ಸೊಳ್ಳೆ ಕಚ್ಚಿರಬೇಕು." ಮಂಚದಿಂದ ಬಿದ್ದದ್ದು ಅಂತ ಪಕ್ಕದ ಮನೆಯವರಿಂದ ಗೊತ್ತಾಯಿತು. ದಣಿದು ಬಂದವಳಿಗೆ ಬೇಜಾರು ಯಾಕೆ ಅಂತ ಮುಚ್ಚಿಟ್ಟದ್ದು, ಬೇರೆ ಏನೂ ಇಲ್ಲ. ಆದರೆ ತಲೆಗೆ ಪೆಟ್ಟಾದ ಮಗು ಮತ್ತೆ ಮತ್ತೆ ವಾಂತಿ ಮಾಡುತ್ತದಾ, ಎಬ್ಬಿಸಿದರೆ ಏಳುತ್ತದಾ ಅಂತ ಆ ದಿನವೂ ರಾತ್ರಿಯೂ ನೋಡಬೇಕಾಗುತ್ತದೆ. ಬಿದ್ದದ್ದೇ ಗೊತ್ತಿಲ್ಲದಿದ್ದರೆ ನೋಡುವುದು ಹೇಗೆ?

ಅಕ್ಕನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಡಿಗ್ರಿ ಮುಗಿಸಿ ಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದ ಹುಡುಗಿ. ನಗು, ಕುಣಿತ, ಚಿತ್ರ ಬಿಡಿಸುವುದು, ಮನೆ ತುಂಬ ಗಲಗಲ. ಮೊದಲ ಐದು ನಿಮಿಷಕ್ಕೇ ಎಲ್ಲರಿಗೂ ಇಷ್ಟವಾಗುವ ಸ್ವಭಾವ. ಮಧ್ಯಾಹ್ನ ಆಗುವಾಗ ಅವಳಿಗೂ ಸುಸ್ತು, ಮಗುವಿಗೂ ಸುಸ್ತು. ಆಗ ಕೈಗೆ ಫೋನ್ ಬರುತ್ತಿತ್ತು. ಎರಡು ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡವೇ ಬೇಡ, ಆಮೇಲೂ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅವಳಿಗೆ ಹೇಳಿದೆ, ಅವಳು ಒಪ್ಪಿದಳು, ಕಡಿಮೆ ಮಾಡಿದಳು ಕೂಡ. ದಿನಕ್ಕೆ ಮೂರು ನಾಲ್ಕು ಗಂಟೆಗೆ ಇಂಥ ಹುಡುಗಿ ಸಿಕ್ಕರೆ ಮಗುವಿನ ಪುಣ್ಯ. ಬೆಳಿಗ್ಗೆಯಿಂದ ಸಂಜೆವರೆಗೆ ಅವಳೊಬ್ಬಳನ್ನೇ ನೆಚ್ಚಿಕೊಂಡರೆ ಇಬ್ಬರಿಗೂ ಕಷ್ಟ.

ಇನ್ನು ದೊಡ್ಡಮ್ಮ. ಮನೆಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದವರು. ಅದು ಸಾಲದೆ ಈ ಕೆಲಸಕ್ಕೆ ಬಂದರು. ತುಳು ಮನೆಮಾತು, ಕನ್ನಡ ಚೆನ್ನಾಗಿ ಬರುತ್ತದೆ, ಎರಡರಲ್ಲೂ ಮಾತು ಕಡಿಮೆ. ಬಂದ ದಿನ ಮಗುವನ್ನು ಎತ್ತಿಕೊಳ್ಳಲೇ ಇಲ್ಲ. ಮನೆಯ ಸುತ್ತ ಒಂದು ಸುತ್ತು ಹೋಗಿ ಬಂದರು. ನಮ್ಮ ಹಿತ್ತಿಲಿಗೆ ಗುಡ್ಡದ ಸುರಂಗದಿಂದ ನೀರು ಬರುತ್ತದೆ, ಅದು ಬೀಳುವ ತೊಟ್ಟಿ ಅಂಗಳದ ಮೂಲೆಯಲ್ಲೇ ಇದೆ. ಅದರ ಹತ್ತಿರ ನಿಂತು, "ಇದಕ್ಕೆ ಬಲೆ ಹಾಕಿಸಿ ಅಕ್ಕ, ಮತ್ತೆ ನಾನು ಬರುತ್ತೇನೆ" ಅಂದರು. ನನಗಿಂತ ದೊಡ್ಡವರಾದರೂ ನನ್ನನ್ನು ಅಕ್ಕ ಅಂತಲೇ ಕರೆಯುತ್ತಾರೆ. ಆ ತೊಟ್ಟಿಯ ಬಗ್ಗೆ ಅವರಿಗಿಂತ ಮೊದಲು ಬಂದ ಮೂವರಲ್ಲಿ ಯಾರೂ ಮಾತೆತ್ತಿರಲಿಲ್ಲ.

ಬಲೆ ಹಾಕಿಸಿದ ಮೇಲೆ ಬಂದರು. ಜಗಲಿಯಲ್ಲಿ ಕೂತು ಹಲಸಿನ ಬೀಜ ಸುಲಿಯಲು ಶುರು ಮಾಡಿದರು. ಮಗಳು ಬಾಗಿಲ ಹಿಂದೆ. ಇವರು ಕರೆಯಲಿಲ್ಲ, ಕೈ ಚಾಚಲಿಲ್ಲ. ಒಂದು ಬೀಜ ಉರುಳಿ ಬಾಗಿಲ ಹತ್ತಿರ ಹೋಯಿತು. ಮಗಳು ಹೆಕ್ಕಿ ತಂದು ಕೊಟ್ಟಳು, ಮತ್ತೆ ಓಡಿದಳು. ಸಂಜೆಗೆ ಪಕ್ಕದಲ್ಲಿ ಕೂತು ಸಿಪ್ಪೆ ಒಂದು ಕಡೆ, ಬೀಜ ಒಂದು ಕಡೆ ಹಾಕುತ್ತಿದ್ದಳು. ಬೀಜ ಬಾಯಿಗೆ ಹೋಗದ ಹಾಗೆ ದೊಡ್ಡಮ್ಮನ ಒಂದು ಕಣ್ಣು ಅವಳ ಕೈಯಲ್ಲೇ ಇತ್ತು.

ಇದು ಯಾಕೆ ಹಿಡಿಸಿತು ಅನ್ನುವುದಕ್ಕೆ ಕಾರಣ ಮಗಳ ಸ್ವಭಾವದಲ್ಲೂ ಇದೆ. 1956, ಅಂದರೆ ನಮ್ಮ ಕಾಸರಗೋಡು ಕೇರಳಕ್ಕೆ ಹೋದ ವರ್ಷ. ಅದೇ ವರ್ಷ ನ್ಯೂಯಾರ್ಕಿನಲ್ಲಿ ಅಲೆಕ್ಸಾಂಡರ್ ಥಾಮಸ್, ಸ್ಟೆಲ್ಲಾ ಚೆಸ್ ಅನ್ನುವ ಡಾಕ್ಟರ್ ದಂಪತಿ ಹಸುಳೆಗಳ ಸ್ವಭಾವವನ್ನು ಗಮನಿಸಲು ಶುರು ಮಾಡಿ, ಅದೇ ಮಕ್ಕಳನ್ನು ದೊಡ್ಡವರಾಗುವವರೆಗೆ ನೋಡುತ್ತ ಬಂದರು. ಅವರ ಲೆಕ್ಕದಲ್ಲಿ ಶೇಕಡಾ 40ರಷ್ಟು ಮಕ್ಕಳು ಸುಲಭದವರು, 10ರಷ್ಟು ಹಠದವರು, 15ರಷ್ಟು ಹೊಸಬರಿಗೆ ನಿಧಾನವಾಗಿ ಹೊಂದಿಕೊಳ್ಳುವವರು. ಉಳಿದ 35ರಷ್ಟು ಮಕ್ಕಳು ಯಾವ ಗುಂಪಿಗೂ ಪೂರ್ತಿ ಸೇರುವುದಿಲ್ಲ. ಅವರು ಒತ್ತಿ ಹೇಳಿದ್ದು ಮಗುವಿನ ಸ್ವಭಾವ ಮತ್ತು ಸುತ್ತಲಿನವರ ರೀತಿ ಒಂದಕ್ಕೊಂದು ಕೂಡಿಬರುವುದನ್ನು. ನನ್ನ ಮಗಳು ನಿಧಾನದ ಗುಂಪಿನವಳು. ಅಕ್ಕ ಓಡಿ ಬಂದು ಅಪ್ಪಿಕೊಂಡರೆ ಅವಳಿಗೆ ಹೆದರಿಕೆ. ದೊಡ್ಡಮ್ಮ ಸುಮ್ನೆ ಕೂತರೆ ತಾನಾಗಿ ಬರುತ್ತಾಳೆ. ನಿಮ್ಮ ಮಗು ಯಾರ ಹತ್ತಿರವಾದರೂ ಹಾರಿ ಹೋಗುವಂಥದ್ದಾದರೆ ನಿಮಗೆ ಅಕ್ಕನೇ ಸರಿ ಅನಿಸಬಹುದು.

ಸಂಜೆ ನಾನು ಬಸ್ಸಿಳಿದು ಬಂದು ಚಪ್ಪಲಿ ಬಿಡುವ ಮೊದಲೇ ದೊಡ್ಡಮ್ಮ ಹೇಳಿಯಾಗುತ್ತದೆ. "ಇವತ್ತು ಬಿದ್ದಳು. ಮುರಕಲ್ಲಿನ ಮೆಟ್ಟಿಲಲ್ಲಿ. ನಾನು ಬಟ್ಟೆ ತೆಗೆಯಲಿಕ್ಕೆ ತಿರುಗಿದ್ದೆ. ಮೊಣಕಾಲು ತರಚಿದೆ, ತಲೆಗೆ ತಾಗಲಿಲ್ಲ. ತೊಳೆದಿದ್ದೇನೆ." ಅಷ್ಟೇ. ತನ್ನ ಬೆನ್ನು ತಿರುಗಿತ್ತು ಅನ್ನುವುದನ್ನೂ ಬಿಡದೆ ಹೇಳುತ್ತಾರೆ. ನಾಲ್ವರಲ್ಲಿ ನಾನು ಇವರಿಗೆ ಮೊದಲ ಸ್ಥಾನ ಕೊಡುವುದು ಇದೊಂದಕ್ಕೇ. ಚೇಚಿಯ ನೋಟ್‌ಬುಕ್ಕಲ್ಲೂ ಎಲ್ಲ ಇರುತ್ತಿತ್ತು, ಆದರೆ ಅದು ಹಾಲು, ಮೂತ್ರ, ನಿದ್ದೆಯ ಲೆಕ್ಕ. ಮಗು ಯಾಕೆ ಅತ್ತಿತು ಅನ್ನುವುದು ಅದರಲ್ಲಿ ಇರುತ್ತಿರಲಿಲ್ಲ.

ದೊಡ್ಡಮ್ಮನಲ್ಲಿ ಕೊರತೆ ಇಲ್ಲವೇ? ಇದೆ. ಕಥೆ ಇಲ್ಲ, ಹಾಡು ಇಲ್ಲ. ಅವರ ಜೊತೆ ಇದ್ದ ದಿನ ಮಗಳ ಬಾಯಿಂದ ಹೊಸ ಮಾತು ಬರುವುದು ಕಡಿಮೆ. ಅದಕ್ಕೆ ಸಂಜೆ ಸ್ವಲ್ಪ ಹೊತ್ತು ಅಜ್ಜಿಯ ಮನೆಗೆ ಬಿಡುತ್ತೇವೆ. ಭಾಷೆಯ ಬಗ್ಗೆಯೂ ಎಷ್ಟೋ ಜನ ಕೇಳುತ್ತಾರೆ, ಮಲಯಾಳದವರು ನೋಡಿಕೊಂಡರೆ ಮಗುವಿನ ಕನ್ನಡ ಕೆಡುವುದಿಲ್ಲವಾ ಅಂತ. ನನಗೆ ಆ ಭಯ ಇಲ್ಲ. ಚೇಚಿಗೆ "ವೇಂಡ" ಅಂದು, ದೊಡ್ಡಮ್ಮನಿಗೆ "ಬೊಡ್ಚಿ" ಅಂದು, ನನಗೆ "ಬೇಡ" ಅನ್ನುವ ಮಗು ಇದು. ಮನೆಯಲ್ಲಿ ನಾವು ಕನ್ನಡ ಮಾತಾಡುತ್ತಿದ್ದರೆ ಕನ್ನಡ ಎಲ್ಲಿಗೂ ಹೋಗುವುದಿಲ್ಲ.

ಈಗ ಅವಳು ಅಂಗನವಾಡಿಗೆ ಹೋಗುತ್ತಾಳೆ. ಮೂರೂವರೆಗೆ ಅದು ಬಿಟ್ಟ ಮೇಲೆ ದೊಡ್ಡಮ್ಮ. ಮಳೆಗಾಲದಲ್ಲಿ ರೆಡ್ ಅಲರ್ಟ್ ಬಂದರೆ ಕಲೆಕ್ಟರ್ ಅಂಗನವಾಡಿಗೂ ರಜೆ ಕೊಡುತ್ತಾರೆ, ಬ್ಯಾಂಕಿಗೆ ರಜೆ ಇಲ್ಲ. ಆಗ ಬೆಳಿಗ್ಗೆಯೇ ಅಜ್ಜಿ ಕೊಡೆ ಹಿಡಿದು ಬರುತ್ತಾರೆ.

ಹೊಸಬರನ್ನು ನೋಡುವವರಿಗೆ ನಾನು ಹೇಳುವುದು ಇಷ್ಟು: "ಮಕ್ಕಳೆಂದರೆ ಇಷ್ಟವಾ" ಅಂತ ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. ನೀವು ನೋಡಿಕೊಂಡ ಮಗು ಬಿದ್ದದ್ದು ಯಾವಾಗ, ಆಮೇಲೆ ಏನು ಮಾಡಿದಿರಿ, ಮನೆಯವರಿಗೆ ಹೇಗೆ ಹೇಳಿದಿರಿ ಅಂತ ಕೇಳಿ. ಆಮೇಲೆ ಒಂದೆರಡು ದಿನ ನೀವೂ ಮನೆಯಲ್ಲಿದ್ದು, ಮಗು ಅಳುವಾಗ ಅವರ ಕೈ ಮೊದಲು ಎಲ್ಲಿಗೆ ಹೋಗುತ್ತದೆ ನೋಡಿ. ಫೋನಿಗಾ, ಬಾಟಲಿಗಾ, ಮಗುವಿಗಾ.

ಸಂಬಳದಲ್ಲೂ ಸ್ವಭಾವ ಕಾಣುತ್ತದೆ. ಚೇಚಿಯ ಲೆಕ್ಕ ಏಜೆನ್ಸಿಯ ಜೊತೆ, ತಾರೀಖಿಗೆ ಸರಿಯಾಗಿ. ಅಕ್ಕ ಬಾಯಿಬಿಟ್ಟು ಕೇಳುತ್ತಿದ್ದಳು, ಅದು ನನಗೆ ಇಷ್ಟವಾಗುತ್ತಿತ್ತು. ಅಜ್ಜಿ ದುಡ್ಡು ಮುಟ್ಟುವುದಿಲ್ಲ, ಅವರ ಮದ್ದಿನ ಚೀಟಿ ನಾವೇ ತೆಗೆದುಕೊಂಡು ಹೋಗಿ ಮದ್ದು ತಂದು ಕೊಡುತ್ತೇವೆ. ದೊಡ್ಡಮ್ಮ ಜಾಸ್ತಿ ಮಾಡಿ ಅಂತ ಇದುವರೆಗೆ ಕೇಳಿಲ್ಲ, ಕೇಳುವವರೂ ಅಲ್ಲ. ಅದಕ್ಕೆ ಪ್ರತಿ ಬಿಸುವಿಗೆ, ಅಂದರೆ ನಮ್ಮ ಕಡೆಯ ಹೊಸ ವರ್ಷಕ್ಕೆ, ನಾವಾಗಿಯೇ ಏರಿಸುತ್ತೇವೆ.